ಹದಿನೆಂಟು ತುಂಬುವ ಮುನ್ನ ಆನ್‌ಲೈನ್ ವ್ಯಾಪಾರಕ್ಕಿಳಿದ ಮಕ್ಕಳ ಪರವಾಗಿ ಒಂದು ಬಹಿರಂಗ ಪತ್ರ

ಚಿಕ್ಕಮಗಳೂರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮಾನ್ಯ ಅಧ್ಯಕ್ಷರಿಗೆ ಮತ್ತು ಸದಸ್ಯ ಕಾರ್ಯದರ್ಶಿಗಳಿಗೆ, ಪದವಿಪೂರ್ವ ಶಿಕ್ಷಣ ಇಲಾಖೆಯ ಮಾನ್ಯ ಉಪನಿರ್ದೇಶಕರಿಗೆ, ಹಾಗೂ ಜಿಲ್ಲೆಯ ಎಲ್ಲ ತಂದೆ ತಾಯಂದಿರಿಗೆ ಗೌರವಪೂರ್ವಕ ನಮಸ್ಕಾರಗಳು.

ಮಾನ್ಯರೆ,

ನಾನು ಚಿಕ್ಕಮಗಳೂರು ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರ ಪಾಠ ಮಾಡುತ್ತಿರುವ ಉಪನ್ಯಾಸಕಿ. ಹದಿನೆಂಟು ತುಂಬದ ಮಕ್ಕಳು ಫೋನಿನ ಮೂಲಕವೇ ವ್ಯಾಪಾರಕ್ಕಿಳಿಯುತ್ತಿರುವುದನ್ನು ಕಳೆದ ಐದಾರು ವರ್ಷಗಳಿಂದ ನನ್ನ ತರಗತಿಯಲ್ಲೇ ನೋಡುತ್ತಾ ಬಂದಿದ್ದೇನೆ. ಒಬ್ಬಳು ಕ್ರೋಶಾ ಹೆಣೆದ ಹೂಗಳನ್ನು ಮಾರುತ್ತಾಳೆ, ಕೊಪ್ಪದ ಕಡೆಯ ಹುಡುಗನೊಬ್ಬ ತನ್ನ ಅಜ್ಜಿ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಬಾಟಲಿಗೆ ತುಂಬಿಸಿ ಕಳುಹಿಸುತ್ತಾನೆ, ಮತ್ತೊಬ್ಬ ಮದುವೆ ಮನೆಯವರಿಗೆ ವಿಡಿಯೊ ಎಡಿಟ್ ಮಾಡಿಕೊಟ್ಟು ತನ್ನ ಫೀಸನ್ನು ತಾನೇ ಕಟ್ಟಿಕೊಂಡಿದ್ದಾನೆ. ಇವರಲ್ಲಿ ಒಬ್ಬರಿಗೂ ಕಾನೂನು ಮುರಿಯುವ ಮನಸ್ಸಿಲ್ಲ. ಆದರೂ ನಾನು ಮಾತಾಡಿಸಿದ ಹೆಚ್ಚಿನ ಮಕ್ಕಳು ತಮ್ಮ ವ್ಯಾಪಾರದ ಮೊದಲ ದಿನವೇ ಒಂದು ಸುಳ್ಳನ್ನು ತುಂಬಿಸಿದ್ದರು, ಅದು ಹುಟ್ಟಿದ ಇಸವಿ.

ಕಳೆದ ನವೆಂಬರಿನಲ್ಲಿ ದ್ವಿತೀಯ ಪಿಯುಸಿಯ ಹುಡುಗನೊಬ್ಬ ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಆಲ್ದೂರಿನ ಕಡೆಯವನು, ತಂದೆ ತೀರಿಕೊಂಡು ನಾಲ್ಕು ವರ್ಷವಾಗಿದೆ, ಎರಡೂವರೆ ಎಕರೆ ತೋಟವನ್ನು ತಾಯಿಯೇ ನೋಡಿಕೊಳ್ಳುತ್ತಾರೆ. ಮನೆಯ ಕಾಫಿ ಬೀಜವನ್ನು ಪೇಟೆಯಲ್ಲಿ ಹುರಿಸಿ ಪುಡಿ ಮಾಡಿಸಿ, ಕಾಲು ಕೆಜಿಯ ಪ್ಯಾಕೆಟ್ಟುಗಳಲ್ಲಿ ಇನ್‌ಸ್ಟಾಗ್ರಾಮಿನ ಮೂಲಕ ಮಾರುತ್ತಿದ್ದಾನೆಂದು ನನಗೆ ತಿಳಿದಿತ್ತು. ಒಂದೆರಡು ಪ್ಯಾಕೆಟ್ ನಾನೂ ಕೊಂಡಿದ್ದೆ. ಬೆಂಗಳೂರಿನ ಒಂದು ಕಾಫಿ ಅಂಗಡಿಯವರು ಹನ್ನೆರಡು ಕೆಜಿ ಪುಡಿ ಬೇಕೆಂದು ಕೇಳಿದ್ದರು. ನಲವತ್ತೆಂಟು ಪ್ಯಾಕೆಟ್, ತಲಾ 200 ರೂಪಾಯಿಯಂತೆ 9,600 ರೂಪಾಯಿ. ಮಾಲು ತಲುಪಿದ ಮೇಲೆ ವಾರದಲ್ಲಿ ಹಣ ಹಾಕುತ್ತೇವೆಂದವರು ಮಾಲು ಕೈಸೇರಿದ ನಂತರ ಜಿಎಸ್‌ಟಿ ಬಿಲ್ ಕೇಳಿದ್ದಾರೆ. ಹುಡುಗ, ತನಗಿನ್ನೂ ಹದಿನೇಳು ವರ್ಷ, ಬಿಲ್ ಇಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾನೆ. ಅಲ್ಲಿಗೆ ಅವರ ಮಾತಿನ ಧಾಟಿಯೇ ಬದಲಾಯಿತು. ಅಪ್ರಾಪ್ತ ವಯಸ್ಕನ ಜೊತೆ ಮಾಡಿದ ಕರಾರು ಕರಾರೇ ಅಲ್ಲ, ಕೋರ್ಟಿಗೆ ಹೋದರೂ ನಿನಗೆ ಒಂದು ಪೈಸೆ ಹುಟ್ಟುವುದಿಲ್ಲ ಎಂದು ವಾಟ್ಸಾಪಿನಲ್ಲಿ ಬರೆದು ಕಳಿಸಿದರು.

ಆ ಸಂದೇಶವನ್ನು ತೋರಿಸಿ ಅವನು ಕೇಳಿದ್ದು ಇಷ್ಟೇ: "ಮೇಡಂ, ನೀವು ಕ್ಲಾಸಲ್ಲಿ ಹೇಳಿದ್ದನ್ನೇ ಅವರೂ ಹೇಳ್ತಿದ್ದಾರೆ. ಹಾಗಾದ್ರೆ ನನ್ನ ಪುಡಿ ಹೋಯ್ತಾ?"

ಈ ಪತ್ರವನ್ನು ಬರೆಸಿದ್ದು ಆ ಪ್ರಶ್ನೆ. ಅಪ್ರಾಪ್ತ ವಯಸ್ಕರ ಕರಾರು ಅನೂರ್ಜಿತ ಎಂಬ ಒಂದು ಅಂಕದ ಉತ್ತರವನ್ನು ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದಿದ್ದೇನೆ. ಆ ಉತ್ತರ ಯಾರನ್ನು ಕಾಪಾಡಲು ಹುಟ್ಟಿತು, ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬುದನ್ನು ಬಿಡಿಸಿ ಹೇಳಿರಲಿಲ್ಲ. ಅರ್ಧ ಹೇಳಿ ಬಿಟ್ಟ ಆ ಪಾಠ ದೊಡ್ಡವರ ಕೈಗೆ ಸಿಕ್ಕು, ಮಗುವಿನ ಮೇಲೆಯೇ ಬೀಸುವ ದೊಣ್ಣೆಯಾಯಿತು.

1875ರ ಭಾರತೀಯ ಪ್ರಾಪ್ತ ವಯಸ್ಕತೆ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದವರು ಪ್ರಾಪ್ತ ವಯಸ್ಕರು. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಕರಾರು ಮಾಡಿಕೊಳ್ಳುವ ಅರ್ಹತೆಯನ್ನು ಪ್ರಾಪ್ತ ವಯಸ್ಕರಿಗಷ್ಟೇ ಕೊಡುತ್ತದೆ. ಅರ್ಹತೆಯಿಲ್ಲದವರು ಮಾಡಿದ ಕರಾರಿನ ಗತಿ ಏನೆಂಬುದನ್ನು 1903ರಲ್ಲಿ, ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಮತ್ತು ಧರ್ಮೋದಾಸ್ ಘೋಷ್ ಪ್ರಕರಣದಲ್ಲಿ ತೀರ್ಮಾನಿಸಿತು. ಕಲ್ಕತ್ತದ ಒಬ್ಬ ಹುಡುಗ ತನ್ನ ಆಸ್ತಿಯನ್ನು ಲೇವಾದೇವಿಗಾರನಿಗೆ 20,000 ರೂಪಾಯಿಗೆ ಅಡಮಾನ ಬರೆದುಕೊಟ್ಟಿದ್ದ, ತಾನು ಪ್ರಾಪ್ತ ವಯಸ್ಕನೆಂದು ಬರೆದುಕೊಟ್ಟೂ ಇದ್ದ. ಅವನಿಗೆ ವಯಸ್ಸಾಗಿಲ್ಲವೆಂಬ ಸಂಗತಿ ಲೇವಾದೇವಿಗಾರನ ಪರವಾಗಿ ವ್ಯವಹಾರ ನೋಡಿಕೊಳ್ಳುತ್ತಿದ್ದವನಿಗೆ ಮೊದಲೇ ಗೊತ್ತಿತ್ತು. ಆ ಅಡಮಾನ ಮೊದಲಿನಿಂದಲೂ ಅನೂರ್ಜಿತ ಎಂದಿತು ನ್ಯಾಯಪೀಠ. ಹುಡುಗನ ಆಸ್ತಿ ಉಳಿಯಿತು. ಅಂದರೆ ಈ ನಿಯಮ ಮಗುವಿನ ಕೈಯಿಂದ ದೊಡ್ಡವರು ಕಿತ್ತುಕೊಳ್ಳದಂತೆ ತಡೆಯಲು ಇಟ್ಟ ಬೇಲಿ. ಅದೇ ನಿಯಮವನ್ನು ಹಿಡಿದುಕೊಂಡು, ಮಗು ತನ್ನ ಪಾಲಿನ ಕೆಲಸವನ್ನು ಪೂರ್ತಿ ಮುಗಿಸಿಕೊಟ್ಟ ಮೇಲೆ ದೊಡ್ಡವರು ಹಣ ಕೊಡದೆ ಜಾರಿಕೊಳ್ಳಲು ಬಿಡಬಾರದೆಂಬ ವಿವೇಕವನ್ನು ಮದ್ರಾಸ್ ಹೈಕೋರ್ಟಿನ ಪೂರ್ಣ ಪೀಠವು ನೂರು ವರ್ಷಗಳಿಗೂ ಹಿಂದೆಯೇ ತೋರಿಸಿತ್ತು. ಹಣವನ್ನು ಪೂರ್ತಿ ಕೊಟ್ಟು ಅಡಮಾನ ಬರೆಸಿಕೊಂಡಿದ್ದ ಅಪ್ರಾಪ್ತ ವಯಸ್ಕನೊಬ್ಬನ ಪರವಾಗಿ ಆ ಅಡಮಾನ ಊರ್ಜಿತವೇ ಎಂದು ಅದು ಹೇಳಿತು. ಕೊಡಬೇಕಾದ್ದನ್ನೆಲ್ಲ ಕೊಟ್ಟಾದ ಮೇಲೆ ಮಗು ಬರಬೇಕಾದ್ದನ್ನು ಕೇಳಬಹುದು, ಮುಂದಕ್ಕೆ ತನ್ನನ್ನು ತಾನು ಕಟ್ಟಿಹಾಕಿಕೊಳ್ಳಲಾಗದು. ಈ ಎರಡರ ನಡುವಿನ ವ್ಯತ್ಯಾಸ ನಮ್ಮ ಪಾಠದಲ್ಲಿ ಇರಲೇ ಇಲ್ಲ.

ನಾವು ಆ ಅಂಗಡಿಯವರಿಗೆ ತಾಯಿಯ ಸಹಿಯೊಂದಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಬರೆದೆವು. ಕೊರಿಯರ್ ರಸೀದಿ, ವಾಟ್ಸಾಪ್ ಮಾತುಕತೆಯ ಪ್ರತಿ, ಮೇಲಿನ ತೀರ್ಪಿನ ಸಾರ ಎಲ್ಲವನ್ನೂ ಲಗತ್ತಿಸಿದೆವು. ಐದು ವಾರಗಳ ನಂತರ ಹಣ ಬಂತು. ಆ ಹುಡುಗನಿಗೆ ಸ್ಟಾಫ್ ರೂಮಿನವರೆಗೆ ನಡೆದು ಬರುವ ಧೈರ್ಯವಿತ್ತು. ಬಾರದೆ ಉಳಿದ ಮಕ್ಕಳೆಷ್ಟೋ ನಾನರಿಯೆ.

ಹಣ ಬಂದ ಮೇಲೆಯೇ ನಿಜವಾದ ಕೆಲಸ ಶುರುವಾಯಿತು ಎನ್ನಬೇಕು. ಅವನ ವ್ಯಾಪಾರವನ್ನು ಕಾನೂನಿನ ದಾರಿಗೆ ತರಬೇಕೆಂದು ಒಂದು ಭಾನುವಾರ ಅವರ ಮನೆಯ ಜಗಲಿಯಲ್ಲಿ ಮೂವರೂ ಕುಳಿತೆವು. ಮೊದಲು ಕೈಗೆ ಸಿಕ್ಕಿದ್ದು ಪ್ಯಾಕೆಟ್ಟಿನ ಮೇಲಿನ ಚೀಟಿ. ಕಂದು ಬಣ್ಣದ ಪೊಟ್ಟಣ, ಮುಳ್ಳಯ್ಯನಗಿರಿಯ ಸೂರ್ಯೋದಯದ ಒಂದು ಸೊಗಸಾದ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ "ಚಿಕ್ಕಮಗಳೂರು ಅರೇಬಿಕಾ". ಹಿಂಬದಿ ಖಾಲಿ. ಅಷ್ಟು ಚಿಕ್ಕ ಚೀಟಿಯಲ್ಲಿ ಐದು ಬೇರೆ ಬೇರೆ ಕಾನೂನುಗಳು ಅಡಗಿ ಕುಳಿತಿದ್ದವು.

ಚಿತ್ರ ಯಾರದೆಂದು ಕೇಳಿದರೆ, ಗೂಗಲಿನಲ್ಲಿ ಸಿಕ್ಕಿತು ಎಂದ. ಅದನ್ನು ತೆಗೆದ ಛಾಯಾಗ್ರಾಹಕನಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿದೆ. "ಚಿಕ್ಕಮಗಳೂರು ಅರೇಬಿಕಾ" ಎಂಬುದು ಬರೀ ವರ್ಣನೆಯೂ ಅಲ್ಲ. 2019ರಲ್ಲಿ ಕೊಡಗು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡು ರೊಬಸ್ಟಾ, ಅರಕು ಕಣಿವೆ ಅರೇಬಿಕಾಗಳ ಜೊತೆಗೆ ಭೌಗೋಳಿಕ ಸೂಚಕವಾಗಿ, ಅಂದರೆ ಆ ಪ್ರದೇಶದ ಸರಕಿಗಷ್ಟೇ ಸಲ್ಲುವ ಹೆಸರಾಗಿ (ಜಿಐ), ನೋಂದಣಿಯಾದದ್ದು. ಅದನ್ನು ಸರಕಿನ ಹೆಸರಾಗಿ ಬಳಸುವ ಹಕ್ಕು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡವರಿಗೆ ಇರುತ್ತದೆ. ಅದಕ್ಕಿಂತ ಮುಖ್ಯವಾದ ಮಾತೊಂದಿತ್ತು. ಅವರ ತೋಟದ ತಗ್ಗಿನ ಭಾಗದಲ್ಲಿರುವುದು ರೊಬಸ್ಟಾ, ಪುಡಿಯಲ್ಲಿ ಅದೂ ಬೆರೆತಿತ್ತು. ರುಚಿಗೆಂದು ಬೆರೆಸಿದ್ದೇ ಹೊರತು ಮೋಸಕ್ಕಲ್ಲ, ಆದರೆ ಚೀಟಿ ಓದಿ ಕೊಳ್ಳುವವರಿಗೆ ಅದು ತಪ್ಪು ಮಾಹಿತಿಯೇ. ಚಿಕೋರಿ ಬೆರೆಸಿದ್ದರಂತೂ ಎಷ್ಟು ಪಾಲು ಕಾಫಿ, ಎಷ್ಟು ಪಾಲು ಚಿಕೋರಿ ಎಂಬುದನ್ನು ಪೊಟ್ಟಣದ ಮೇಲೆ ನಮೂದಿಸಲೇಬೇಕು.

ಖಾಲಿ ಬಿಟ್ಟಿದ್ದ ಹಿಂಬದಿಯಲ್ಲಿ ಇರಬೇಕಾದದ್ದು ಇನ್ನೂ ಹೆಚ್ಚು. ತಿನ್ನುವ ಕುಡಿಯುವ ಪದಾರ್ಥವನ್ನು ಮನೆಯಲ್ಲೇ ತಯಾರಿಸಿ ಮಾರಿದರೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಬೇಕು. ಆ ನೋಂದಣಿಯ ಹದಿನಾಲ್ಕು ಅಂಕಿಗಳ ಸಂಖ್ಯೆ ಪೊಟ್ಟಣದ ಮೇಲೆ ಕಾಣಬೇಕು. 2011ರ ಪ್ಯಾಕೆಟ್ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಿಸಿದವರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ಸಂಖ್ಯೆ ಅಚ್ಚಾಗಿರಬೇಕು. ಆನ್‌ಲೈನಿನಲ್ಲಿ ಮಾರುವಾಗ ಇವುಗಳಲ್ಲಿ ಬಹುಪಾಲು ಕೊಳ್ಳುವವರಿಗೆ ಪರದೆಯ ಮೇಲೂ ಕಾಣಬೇಕು. 2020ರ ಇ-ವಾಣಿಜ್ಯದ ಗ್ರಾಹಕ ಸಂರಕ್ಷಣಾ ನಿಯಮಗಳು, ದೋಷವಿರುವ ಅಥವಾ ಹೇಳಿದ್ದೊಂದು ಕಳಿಸಿದ್ದೊಂದು ಆಗಿರುವ ಮಾಲನ್ನು ವಾಪಸ್ ಪಡೆಯಲು ಮಾರುವವರು ನಿರಾಕರಿಸುವಂತಿಲ್ಲ ಎನ್ನುತ್ತವೆ. "ನೋ ರಿಟರ್ನ್" ಎಂದು ಪುಟದ ಮೇಲೆ ಬರೆದುಕೊಂಡ ಮಾತ್ರಕ್ಕೆ ಆ ಹೊಣೆ ತಪ್ಪುವುದಿಲ್ಲ. ಕೊಂಡವರು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟರೆ ಉತ್ತರ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ.

ಯಾರು ಎಂಬುದೇ ಇಡೀ ವಿಷಯದ ಬೇರು. ಹದಿನೇಳರ ಹುಡುಗ ಕಂಪನಿಯ ನಿರ್ದೇಶಕನಾಗುವಂತಿಲ್ಲ, ಏಕವ್ಯಕ್ತಿ ಕಂಪನಿಯ ಸದಸ್ಯನೂ ಆಗುವಂತಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 30ನೇ ಕಲಂನಂತೆ, ಈಗಾಗಲೇ ಇರುವ ಪಾಲುದಾರಿಕೆ ಸಂಸ್ಥೆಯೊಂದರ ಲಾಭಕ್ಕೆ ಎಲ್ಲ ಪಾಲುದಾರರ ಒಪ್ಪಿಗೆಯ ಮೇಲೆ ಅವನನ್ನು ಸೇರಿಸಿಕೊಳ್ಳಬಹುದು. ನಷ್ಟವಾದರೆ ಸಂಸ್ಥೆಯಲ್ಲಿರುವ ಅವನ ಪಾಲಿಗೆ ತಟ್ಟೀತೇ ಹೊರತು ಅವನ ಸ್ವಂತ ಆಸ್ತಿಗೆ ತಟ್ಟದು. ಹದಿನೆಂಟಾದ ಮೇಲೆ ಪಾಲುದಾರನಾಗಿ ಉಳಿಯುವನೋ ಇಲ್ಲವೋ ಎಂದು ಆರು ತಿಂಗಳೊಳಗೆ ಸಾರ್ವಜನಿಕ ಪ್ರಕಟಣೆಯಲ್ಲಿ ತಿಳಿಸಬೇಕು. ಹಳ್ಳಿಯ ಒಂದು ಮನೆಯ ಮಟ್ಟಿಗೆ ಇದು ದೂರದ ಮಾತು. ಹತ್ತಿರದ ದಾರಿ ಎಂದರೆ ತಾಯಿಯೋ ತಂದೆಯೋ ವ್ಯಾಪಾರದ ಮಾಲೀಕರಾಗಿ, ನೋಂದಣಿ, ಬ್ಯಾಂಕ್ ಖಾತೆ, ಬಿಲ್ ಎಲ್ಲವೂ ಅವರ ಹೆಸರಿನಲ್ಲಿದ್ದು, ಮಗು ಅವರ ಪರವಾಗಿ ಕೆಲಸ ಮಾಡುವುದು. ಕರಾರು ಕಾಯ್ದೆಯ 184ನೇ ಕಲಂ ಅಪ್ರಾಪ್ತ ವಯಸ್ಕರೂ ಏಜೆಂಟರಾಗಬಹುದೆಂದು ಒಪ್ಪುತ್ತದೆ. ಆರ್ಡರ್ ಹಿಡಿಯುವುದು, ಬೆಲೆ ಮಾತಾಡುವುದು, ಮಾಲು ಕಳಿಸುವುದು ಮಗುವಿನ ಕೈಯಿಂದ ನಡೆದರೂ ಹೊರಗಿನವರ ಜೊತೆಗಿನ ಕರಾರು ತಾಯಿಯದಾಗುತ್ತದೆ.

ಈ ಮಾತನ್ನು ತಾಯಿಗೆ ಬಿಡಿಸಿ ಹೇಳುವವರು ಬೇಕು. ಅಂದು ಜಗಲಿಯಲ್ಲಿ ಆ ತಾಯಿ, "ಅವ್ನು ಇಲ್ಲಿ ಒತ್ತಮ್ಮ ಅಂದಲ್ಲಿ ಒತ್ತೀನಿ, ಓಟಿಪಿ ಕೇಳಿದ್ರೆ ಹೇಳ್ತೀನಿ, ನಂಗೇನ್ ಗೊತ್ತು ಮೇಡಂ" ಎಂದರು. ಮಗನ ಮೇಲಿನ ನಂಬಿಕೆಯಿಂದ ಬಂದ ಆ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಅವರು ಹಾಗೆ ಒತ್ತಿದ ಪ್ರತಿ ಗುಂಡಿಯ ಹಿಂದೆ ಅವರ ಹೆಸರಿನ ಹೊಣೆಗಾರಿಕೆ ಸೇರಿಕೊಂಡಿದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹಾಗೆಯೇ, ವಿಧವೆಯರನ್ನೂ ಗಂಡನಿಂದ ದೂರವಿರುವ ಹೆಣ್ಣುಮಕ್ಕಳನ್ನೂ ಕೌಂಟರುಗಳಲ್ಲಿ "ತಂದೆಯ ಸಹಿ ಎಲ್ಲಿ" ಎಂದು ಕೇಳಿ ವಾಪಸ್ ಕಳಿಸುವುದನ್ನು ನಾನು ಕಂಡಿದ್ದೇನೆ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ತಂದೆಯನ್ನೂ ಅವನ ನಂತರ ತಾಯಿಯನ್ನೂ ಸಹಜ ಪಾಲಕರೆನ್ನುತ್ತದೆ. ಅಲ್ಲಿನ "ನಂತರ" ಎಂಬ ಪದಕ್ಕೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ತಂದೆಯ ಅನುಪಸ್ಥಿತಿಯಲ್ಲಿ ಎಂದು ಓದಬೇಕೆಂದು ಸುಪ್ರೀಂ ಕೋರ್ಟ್ 1999ರಲ್ಲೇ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿದೆ. ಈ ಒಂದು ವಾಕ್ಯವನ್ನು ಅಚ್ಚು ಹಾಕಿಸಿ ಗೋಡೆಗೆ ಹಚ್ಚಿದರೆ ಎಷ್ಟೋ ತಾಯಂದಿರ ಬಸ್ ಚಾರ್ಜ್ ಉಳಿದೀತು.

ತೆರಿಗೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮಕ್ಕಳು ಕಾಣದೆ ಕಾಲಿಡುವ ಹೊಂಡ ಇಲ್ಲೇ ಇದೆ. ಕಣದಲ್ಲಿ ಒಣಗಿಸಿದ ಸ್ವಂತ ತೋಟದ ಬೀಜವನ್ನು ಮಾರುವ ಬೆಳೆಗಾರನಿಗೆ, ಆ ಮಾರಾಟದ ಮಟ್ಟಿಗೆ ಜಿಎಸ್‌ಟಿ ನೋಂದಣಿಯ ಅಗತ್ಯವಿಲ್ಲ. ಹುರಿಯದ ಬೀಜಕ್ಕೆ ಆ ತೆರಿಗೆಯೂ ಇಲ್ಲ. ಅದೇ ಬೀಜ ಹುರಿದು ಪುಡಿಯಾದ ಕೂಡಲೇ ಶೇಕಡ 5ರ ತೆರಿಗೆಯ ಸರಕಾಗುತ್ತದೆ. ರಾಜ್ಯದೊಳಗೆ ಮಾತ್ರ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ರಾಜ್ಯದೊಳಗೇ ಮಾರುವ ಸಣ್ಣವರಿಗೂ 2023ರ ಅಕ್ಟೋಬರ್ 1ರಿಂದ, ಪೋರ್ಟಲಿನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆಯುವ ಷರತ್ತಿನ ಮೇಲೆ, ಈ ರಿಯಾಯಿತಿ ಸಿಕ್ಕಿದೆ. ಆದರೆ ಚೆನ್ನೈನಲ್ಲಿರುವ ಗಿರಾಕಿಗೆ ಒಂದೇ ಒಂದು ಕಾಲು ಕೆಜಿ ಪುಡಿಯ ಪ್ಯಾಕೆಟ್ ಕಳುಹಿಸಿದರೂ ಅದು ಅಂತರರಾಜ್ಯ ಮಾರಾಟ, ಅಲ್ಲಿ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ಮಿತಿಯೊಳಗೆ ವಿನಾಯಿತಿ ಇದೆ, ಕಾಫಿ ಪುಡಿಗಿಲ್ಲ. ನಮ್ಮ ಹುಡುಗನ ಪುಸ್ತಕದಲ್ಲಿ ಚೆನ್ನೈಗೆ ಮೂರು, ಪುಣೆಗೆ ಒಂದು ಪಾರ್ಸೆಲ್ ಹೋಗಿದ್ದವು. ದೂರದೂರಿಂದ ಆರ್ಡರ್ ಬಂತೆಂದು ಆ ನಾಲ್ಕು ಸಾಲುಗಳ ಪಕ್ಕದಲ್ಲಿ ನಕ್ಷತ್ರ ಬರೆದಿಟ್ಟುಕೊಂಡಿದ್ದ.

2025ರ ಜುಲೈನಲ್ಲಿ ಯುಪಿಐ ಮೂಲಕ ಪಡೆದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಎದ್ದ ಆತಂಕ ಎಲ್ಲರಿಗೂ ನೆನಪಿದೆ. ಬೇಕರಿ, ಹಾಲಿನ ಅಂಗಡಿಯವರೇ ಕಂಗಾಲಾದ ಆ ದಿನಗಳಲ್ಲಿ, ಮನೆಖರ್ಚು, ಚೀಟಿ ದುಡ್ಡು, ಮಗನ ವ್ಯಾಪಾರ ಎಲ್ಲವನ್ನೂ ಒಂದೇ ಕ್ಯೂಆರ್ ಕೋಡಿಗೆ ಹಾಕಿಸಿಕೊಂಡ ತಾಯಿಯೊಬ್ಬರಿಗೆ ಅಂಥ ನೋಟಿಸ್ ಬಂದಿದ್ದರೆ ಯಾವ ದುಡ್ಡು ಯಾವುದೆಂದು ಹೇಗೆ ಬಿಡಿಸಿ ತೋರಿಸುತ್ತಿದ್ದರು? ವ್ಯಾಪಾರಕ್ಕೇ ಒಂದು ಪ್ರತ್ಯೇಕ ಖಾತೆ, ದಿನಕ್ಕೆರಡು ಸಾಲಿನ ಒಂದು ನಗದು ಪುಸ್ತಕ: ಲೆಕ್ಕಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಕಲಿಸುವ ಈ ಶಿಸ್ತು ಇಲ್ಲಿ ರಕ್ಷಣೆಯೇ ಆಗುತ್ತದೆ.

ಆದಾಯ ತೆರಿಗೆಯ ನಿಯಮ ಮಕ್ಕಳಿಗೆ ಸ್ವಲ್ಪ ಕರುಣೆಯಿಂದಲೇ ಇದೆ. ಅಪ್ರಾಪ್ತ ಮಗುವಿನ ಆದಾಯವನ್ನು ತಂದೆ ತಾಯಿಯರಲ್ಲಿ ಹೆಚ್ಚು ಆದಾಯವುಳ್ಳವರ ಲೆಕ್ಕಕ್ಕೆ ಸೇರಿಸುವುದು ಸಾಮಾನ್ಯ ನಿಯಮ. ಆದರೆ ಮಗು ತನ್ನ ಕೈಯ ದುಡಿಮೆಯಿಂದ, ಅಥವಾ ತನ್ನ ಕೌಶಲ, ಪ್ರತಿಭೆ, ವಿಶೇಷ ಜ್ಞಾನವನ್ನು ಬಳಸಿ ಗಳಿಸಿದ ಆದಾಯ ಮಗುವಿನದೇ. ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗನ ಗಳಿಕೆ ಈ ಎರಡನೆಯ ಸಾಲಿಗೆ ಸೇರುತ್ತದೆ, ಅವನ ಹೆಸರಿನಲ್ಲೇ ಪಾನ್ ಕಾರ್ಡ್ ಮಾಡಿಸಬಹುದು, ಅರ್ಜಿಗೆ ಪಾಲಕರು ಸಹಿ ಹಾಕುತ್ತಾರೆ. ಕಾಫಿ ಪುಡಿಯ ವ್ಯಾಪಾರ ತಾಯಿಯ ಹೆಸರಿನಲ್ಲಿದ್ದರೆ ಆದಾಯ ತಾಯಿಯದೇ. ಬೆಳೆದ ಕಾಫಿಯನ್ನು ತಾವೇ ಸಂಸ್ಕರಿಸಿ, ಹುರಿದು ಪುಡಿ ಮಾಡಿ ಮಾರುವವರ ಆದಾಯದಲ್ಲಿ ಶೇಕಡ 40ನ್ನು ಮಾತ್ರ ವ್ಯಾಪಾರದ ಆದಾಯವೆಂದು ಲೆಕ್ಕ ಹಿಡಿದು, ಉಳಿದದ್ದನ್ನು ಕೃಷಿ ಆದಾಯವೆಂದು ಪರಿಗಣಿಸುವ ನಿಯಮ ಕಾಫಿ ಬೆಳೆಗಾರರಿಗೆಂದೇ ಇದೆ. ಇದು ನಮ್ಮ ಜಿಲ್ಲೆಯ ಎಷ್ಟು ಸಣ್ಣ ಬೆಳೆಗಾರರ ಮನೆಗೆ ತಲುಪಿದೆ ಎಂದು ಕೇಳಿದರೆ ನನಗೆ ಸಂಕಟವಾಗುತ್ತದೆ.

ಬ್ಯಾಂಕಿನ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. 2025ರ ಏಪ್ರಿಲ್ 21ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್, ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ತಮ್ಮ ಮಿತಿಯೊಳಗೆ ಅವಕಾಶ ಕೊಡಬಹುದೆಂದು ಹೇಳಿದೆ. ಆದರೆ ಆ ಖಾತೆ ಮಗುವಿನ ಉಳಿತಾಯಕ್ಕೆ, ಅಂಗಡಿ ನಡೆಸಲಿಕ್ಕಲ್ಲ. ಇದರ ಜೊತೆಗೇ ಹೊಸ ಅಪಾಯವೊಂದು ಕಾಲೇಜಿನ ಗೇಟಿನವರೆಗೆ ಬಂದಿದೆ. "ನಿನ್ನ ಖಾತೆಗೆ ದುಡ್ಡು ಬರುತ್ತೆ, ಅದನ್ನ ಮುಂದಕ್ಕೆ ಕಳ್ಸು, ನಿಂಗೆ ಕಮಿಷನ್" ಎಂದು ಆನ್‌ಲೈನ್ ವ್ಯಾಪಾರದ ಹೆಸರಿನಲ್ಲಿ ಮಕ್ಕಳನ್ನು ಒಲಿಸುವವರಿದ್ದಾರೆ. ಬೇರೆಯವರಿಂದ ದೋಚಿದ ಹಣ ದಾಟಿಹೋಗಲು ಮಗುವಿನ ಖಾತೆ ಸೇತುವೆಯಾಗುತ್ತದೆ, ಪೊಲೀಸರು ಮೊದಲು ಬಂದು ನಿಲ್ಲುವುದು ಆ ಮಗುವಿನ ಮನೆ ಬಾಗಿಲಲ್ಲಿ. ಇಂಥ ಸುಳಿವು ಸಿಕ್ಕ ಕ್ಷಣವೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನು ಪ್ರತಿ ಮಗುವೂ ಬಾಯಿಪಾಠ ಮಾಡಿರಬೇಕು.

ಕ್ರೋಶಾ ಹೂ ಮಾರುವ ಹುಡುಗಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಪತ್ರ ಅಪೂರ್ಣ. ಪಾರ್ಸೆಲ್ಲಿನ ಮೇಲೆ ಕಳುಹಿಸಿದವರ ವಿಳಾಸ ಬರೆಯಬೇಕಷ್ಟೆ. ಅವಳು ತನ್ನ ಹೆಸರು, ಮನೆಯ ಅಡ್ಡರಸ್ತೆ, ತನ್ನದೇ ಫೋನ್ ನಂಬರನ್ನು ದುಂಡಗೆ ಬರೆದು ಕಳುಹಿಸುತ್ತಿದ್ದಳು. ಗಿರಾಕಿಯೆಂದು ಬಂದವನೊಬ್ಬ ಎರಡು ವಾರ ಬೆಳಗ್ಗೆ ರಾತ್ರಿ ಕರೆ ಮಾಡಿ ಕಾಡಿದ. ಕಾನೂನು ಕೇಳುವ ವಿಳಾಸ ವ್ಯಾಪಾರದ ಹೊಣೆ ಹೊತ್ತವರದು. ಮಾಲೀಕರು ತಾಯಿಯಾಗಿದ್ದರೆ ಅಲ್ಲಿ ತಾಯಿಯ ಹೆಸರು, ತಂದೆಯ ಅಂಗಡಿಯ ವಿಳಾಸ ಇರಬಹುದಿತ್ತು. ಕಾನೂನಿನ ಈ ಅಂಶ ತಿಳಿದಿದ್ದರೆ ಆ ಹದಿನಾರರ ಹುಡುಗಿ ಅಷ್ಟು ದಿನ ಹೆದರಿ ಬದುಕಬೇಕಿರಲಿಲ್ಲ. ಅವಳ ಪುಸ್ತಕದಲ್ಲಿಯೂ ನೂರಾರು ಗಿರಾಕಿಗಳ ವಿಳಾಸ, ನಂಬರುಗಳಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ ಜಾರಿಗೆ ಬರುತ್ತವೆ. ಗಿರಾಕಿಯ ನಂಬರನ್ನು ಒಪ್ಪಿಗೆಯಿಲ್ಲದೆ ಬೇರೆ ಗುಂಪಿಗೆ ಸೇರಿಸಬಾರದು ಎಂಬಷ್ಟನ್ನಾದರೂ ಈಗಿನಿಂದಲೇ ರೂಢಿಸಬೇಕು.

ಮನೆಯ ಕಿರಿಯ ಮಕ್ಕಳು ಪ್ಯಾಕಿಂಗಿಗೆ ಕೈ ಜೋಡಿಸಿದರೆ ಅದು ಬಾಲಕಾರ್ಮಿಕ ಪದ್ಧತಿಯೇ ಎಂದು ಕೆಲವು ಪೋಷಕರು ಅಂಜಿಕೆಯಿಂದ ಕೇಳಿದ್ದಾರೆ. 2016ರ ತಿದ್ದುಪಡಿಯ ನಂತರ ಹದಿನಾಲ್ಕರ ಒಳಗಿನವರು ಶಾಲೆಯ ಅವಧಿ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯಕಾರಿಯಲ್ಲದ ಸ್ವಂತ ಕುಟುಂಬದ ಉದ್ಯಮಕ್ಕೆ ನೆರವಾಗಬಹುದು. ಪಕ್ಕದ ಮನೆಯ ಹನ್ನೆರಡರ ಹುಡುಗನನ್ನು ದಿನಕ್ಕಿಷ್ಟೆಂದು ಕರೆದು ಕೂರಿಸುವಂತಿಲ್ಲ.

ಮಾನ್ಯರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಂತೆ ಪ್ರತಿ ಮಗುವಿಗೂ, ಮನೆಯ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ಸೇವೆಯ ಹಕ್ಕಿದೆ. 15100ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು. ತಮ್ಮ ಪ್ರಾಧಿಕಾರದ ಶಿಬಿರಗಳು ನಮ್ಮ ಕಾಲೇಜಿನಲ್ಲೂ ನಡೆದಿವೆ. ಬಾಲ್ಯವಿವಾಹ, ಪೋಕ್ಸೊ, ಪರವಾನಗಿಯಿಲ್ಲದೆ ಬೈಕ್ ಓಡಿಸುವುದರ ಬಗ್ಗೆ ತಮ್ಮ ವಕೀಲರು ಮಕ್ಕಳ ಮನಸ್ಸಿಗೆ ನಾಟುವಂತೆ ಮಾತಾಡಿದ್ದಾರೆ. ಆ ಪಟ್ಟಿಗೆ ಮಕ್ಕಳ ಆನ್‌ಲೈನ್ ವ್ಯಾಪಾರವನ್ನೂ ಸೇರಿಸಬೇಕೆಂಬುದು ನನ್ನ ಮನವಿ. ಇದನ್ನು ಮಕ್ಕಳಿಗಷ್ಟೇ ಹೇಳಿದರೆ ಸಾಲದು, ಸಹಿ ಹಾಕುವವರು ಪೋಷಕರು. ಪ್ರಥಮ ಪಿಯುಸಿ ದಾಖಲಾತಿಗೆ ಅವರು ಹೇಗೂ ಕಾಲೇಜಿಗೆ ಬರುತ್ತಾರೆ, ಆ ದಿನವೇ ತಮ್ಮ ಪ್ರಾಧಿಕಾರದ ಪಟ್ಟಿಯಲ್ಲಿರುವ ಒಬ್ಬ ಪ್ಯಾನೆಲ್ ವಕೀಲರು ಒಂದು ಮೇಜು ಹಾಕಿಕೊಂಡು ಕುಳಿತರೆ ಸಾಕು. ಉಪನಿರ್ದೇಶಕರು ಇದಕ್ಕೊಂದು ಸುತ್ತೋಲೆ ಹೊರಡಿಸಿದರೆ ಪ್ರಾಂಶುಪಾಲರಿಗೆ ಅನುಷ್ಠಾನ ಸುಲಭವಾಗುತ್ತದೆ. ಜೊತೆಗೆ, ತಾಯಿ ಅಥವಾ ತಂದೆಯ ಹೆಸರಿನಲ್ಲಿ ವ್ಯಾಪಾರ, ಮಗುವಿನ ಕೆಲಸ, ಲಾಭದ ಬಳಕೆ, ಓದಿನ ಸಮಯ, ಖಾತೆಯ ಪಾಸ್‌ವರ್ಡ್ ಯಾರ ಬಳಿ ಎಂಬುದನ್ನೆಲ್ಲ ಮನೆಯವರೇ ಮಾತಾಡಿ ತುಂಬಬಹುದಾದ ಒಂದು ಮಾದರಿ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಇಡಬಹುದು. ಈ ನೋಂದಣಿಗಳನ್ನು ಮಾಡಿಸಿಕೊಡುವ ಅಂಗಡಿಗಳು ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೂ ಹಣ ಕೇಳುತ್ತಿವೆ. ಅದು ಸರ್ಕಾರಿ ಪೋರ್ಟಲಿನಲ್ಲಿ ಪೂರ್ತಿ ಉಚಿತವೆಂಬ ಸಾಲನ್ನೂ ಅದರಲ್ಲಿ ಸೇರಿಸಬೇಕು.

ಹದಿನೆಂಟು ಆಗಲಿ, ಆಮೇಲೆ ನೋಡೋಣ ಎಂದು ಮಕ್ಕಳನ್ನು ಸಾಗಹಾಕುವುದು ಸುಲಭ, ನಾನೂ ಹಾಗೆ ಹೇಳಿದವಳೇ. ಆದರೆ ಹದಿನೆಂಟರ ದಿನ ತಾನಾಗಿಯೇ ಏನೂ ಸರಿಹೋಗುವುದಿಲ್ಲ. ಅಪ್ರಾಪ್ತನಾಗಿದ್ದಾಗ ಮಾಡಿದ ಕರಾರನ್ನು ಆ ದಿನ ಒಪ್ಪಿದೆನೆಂದು ಹೇಳಿ ಊರ್ಜಿತಗೊಳಿಸಲು ಬರುವುದಿಲ್ಲ, ಹೊಸದಾಗಿಯೇ ಮಾಡಿಕೊಳ್ಳಬೇಕು. ಫೋಟೊ ಇಲ್ಲದ ಅಪ್ರಾಪ್ತರ ಪಾನ್ ಕಾರ್ಡನ್ನು ಬದಲಿಸಿಕೊಳ್ಳಬೇಕು, ಬ್ಯಾಂಕಿಗೆ ಹೊಸ ಸಹಿ ಕೊಡಬೇಕು, ತಾಯಿಯ ಹೆಸರಿನ ಜಿಎಸ್‌ಟಿ ಮತ್ತು ಆಹಾರ ನೋಂದಣಿಗಳು ಮಗನ ಹೆಸರಿಗೆ ಹಾಗೇ ಬಾರವು.

ನಮ್ಮ ಹುಡುಗನಿಗೆ ಈ ಜುಲೈನಲ್ಲಿ ಹದಿನೆಂಟು ತುಂಬುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ ಈಗ ಅವನ ಸರಿಯಾದ ಜನ್ಮದಿನಾಂಕವಿದೆ, ಪುಡಿಯ ನೋಂದಣಿ ತಾಯಿಯ ಹೆಸರಿನಲ್ಲಿದೆ, ಪೊಟ್ಟಣದ ಮೇಲೆ ಅವನೇ ತೆಗೆದ ತಮ್ಮ ತೋಟದ ಚಿತ್ರವಿದೆ, ಕೆಳಗೆ "ಅರೇಬಿಕಾ ಮತ್ತು ರೊಬಸ್ಟಾ" ಎಂದಿದೆ. ಹುಟ್ಟುಹಬ್ಬಕ್ಕೆ ಮೊದಲು, ನಂತರ ಏನೇನು ಮಾಡಬೇಕೆಂದು ನಾನು ಬರೆದುಕೊಟ್ಟ ಹಾಳೆಯನ್ನು ಅವನು ಗೋದಾಮಿನ ಗೋಡೆಗೆ ಅಂಟಿಸಿಕೊಂಡಿದ್ದಾನೆ. ಅದರ ಪ್ರತಿಯೊಂದನ್ನು ಈ ಪತ್ರದೊಂದಿಗೆ ತಮ್ಮ ಕಚೇರಿಗೂ ಕಳುಹಿಸುತ್ತಿದ್ದೇನೆ. ನಾನು ವಕೀಲೆಯಲ್ಲ. ಅದರಲ್ಲಿ ತಪ್ಪಿದ್ದರೆ ತಿದ್ದಿ, ಬಿಟ್ಟುಹೋದದ್ದನ್ನು ಸೇರಿಸಿ, ಜೂನ್ ತಿಂಗಳ ದಾಖಲಾತಿಗೆ ಮುನ್ನ ತಮ್ಮ ಮೊಹರಿನೊಂದಿಗೆ ಹಿಂದಿರುಗಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪದವಿಪೂರ್ವ ಕಾಲೇಜೊಂದರ ವಾಣಿಜ್ಯ ವಿಭಾಗದ ಉಪನ್ಯಾಸಕಿ
ಚಿಕ್ಕಮಗಳೂರು ತಾಲ್ಲೂಕು